ಗಾಳಿಗೆ ಹೋದ ಕಾಳು

ಜಗದೇವಿ ಟೀಮ್ ಕೊಂಡಾಳಂತ.
ಮುಂಜಾನಿಂದ ಗಂಜಿನಾಗ ಅದೇ ಸುದ್ದಿ.
ಮನಿ ಕೊಂಡಳು ಅಂದ್ರ ತಿಳೀತದ,
ಮಿಲ್ಲು ಕೊಂಡಳು ಅಂದ್ರೂ ತಿಳೀತದ,
ಕಬಡ್ಡಿ ಹುಡುಗರ್ನ, ಅವರ ಉಸುರ್ನ
ಹ್ಯಾಂಗ ಕೊಳ್ತಾರ?
"ಸವಾಲಿನಾಗ" ಅಂದ ಹಮಾಲ ಖಾಜಪ್ಪ,
"ತೊಗರಿ ಕೊಂಡಂಗ."

ಆಕಿ ನನ್ನ ಮಗ್ಗಲದಾಗ ಕೂತಾಕಿ, ಕೇಳ್ರಿ.
ಕಪನೂರಿನ ದಾಲ್ ಮಿಲ್ಲಿನಾಗ
ಶಹಾಬಾದ ಕಲ್ಲಿನ ಮ್ಯಾಲ
ನಲವತ್ತು ಹೆಣ್ಮಕ್ಕಳು ಬ್ಯಾಳಿ ಆರಿಸೋ ಕಾಲಕ್ಕ
ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್,
ಡಬ್ಬಿಯಾಗ ಸೂಸಲ ಹಿಡ್ಕೊಂಡು ಬಂದಳು.
"ಕಸ್ತೂರಬಾಯಿ, ಇದ್ಯಾಕ ಛಲೋ? ಇದ್ಯಾಕ ಕೆಟ್ಟದ್ದು?"
ಯಾಕಂದ್ರ ಏನು ಹೇಳ್ಲಿ,
ಬೆರಳಿಗೆ ಗೊತ್ತಿರೋದು ಬಾಯಿಗೆ ಗೊತ್ತಿರಂಗಿಲ್ಲ.
ಆದ್ರೂ ಹೇಳಿದೆ. ಹನ್ನೊಂದು ತಿಂಗಳು ಹೇಳಿದೆ.
ಹುಳ ಮುಟ್ಟಿದ್ದು, ಮಳಿಗೆ ನೆನದದ್ದು,
ಸಿಪ್ಪಿ ಬಿಡದೆ ಹಟ ಹಿಡದದ್ದು,
ಕಾಳಿನಂಗೇ ಕಾಣೋ ಕಲ್ಲು.

ಆಮ್ಯಾಲ ಮಷಿನ್ ಬಂತು.
ಮ್ಯಾಲಿಂದ ಬ್ಯಾಳಿ ಧೋ ಅಂತ ಸುರೀತದ,
ನಡುವ ಅದರ ಕಣ್ಣು,
ಕಪ್ಪು ಕಂಡ್ರ ಫಟ್ಟಂತ ಒಂದು ಗಾಳಿ,
ಅಷ್ಟೇ, ಕಾಳು ಹೊರಗ.
ಹೊರಗ ಹೋದದ್ದು ಹೊಳ್ಳಿ ಬರಂಗಿಲ್ಲ.
(ಒಂದೊಂದು ಸೇರು ನಾನು ಮನಿಗೆ ಒಯ್ತಿದ್ದೆ.
ಕುದಿಸಿದ್ರ ಅದೂ ಬ್ಯಾಳೀನೇ.)
ಮೊದಲ ದಿನ ಅಂಬವ್ವ ಹೋದಳು.
ಹೋಳಿ ಹುಣ್ಣಿಮಿಗೆ ಮೂವತ್ತೊಂಬತ್ತೂ ಮಂದಿ ಹೋಗಿದ್ದರು.
ನನಗ ಕಂಪನಿಯಾಗ ಚಹಾ ಮಾಡೋ ಕೆಲಸ ಸಿಕ್ತು.
ಅಂಬವ್ವ ಇನ್ನಾ ನನ್ನ ಕೂಡ ಮಾತಾಡಂಗಿಲ್ಲ.

ಮಷಿನ್ ಅಕೋಲಾಕ್ಕ ಹೋತು, ಇಂದೂರಿಗೆ ಹೋತು,
ಸಮುದ್ರ ದಾಟಿ ಬರ್ಮಾಕ್ಕೂ ಹೋತಂತ.
ರೊಕ್ಕ ಎಲ್ಲಿಂದೋ ಹೊಳ್ಳಿ ಇಲ್ಲಿಗೇ ಬಂತು.
ಕಬಡ್ಡಿ ಟೀಮು. ಈ ವರ್ಷ ಹೆಣ್ಮಕ್ಕಳ ವಾಲಿಬಾಲೂ.

ಸವಾಲು ಆಫೀಸಿನ ಟೀವಿಯಾಗ ನೋಡಿದಿವಿ.
ಗಂಜಿನಾಗಾದ್ರ ಚೀಲಕ್ಕ ಕೈ ಹಾಕಿ
ಒಂದು ಹಿಡಿ ತಗದು, ಮೂಸಿ, ಹಲ್ಲಿಗೆ ಕಡದು ದರ ಕೂಗ್ತಾರ.
ಅಲ್ಲಿ ಯಾರೂ ಮೂಸಲಿಲ್ಲ.
ತೂಕ, ವಯಸ್ಸು, ಹಿಡದ ಕಾಲೆಷ್ಟು, ಬಿಟ್ಟ ಕಾಲೆಷ್ಟು,
ಆಕಿ ಮುಂದಿನ ಪರದೆದಾಗ ಎಲ್ಲಾ ಹಸರು ಕೆಂಪು.
ಆಳಂದದ ಮಶಾಕ್ ಕೆಂಪಾಗಿದ್ದ.
ಒಮ್ಮೆ ಮೊಣಕಾಲು ಹರದದ್ದಂತ.
ಆಕಿ ಹಲಗಿ ಎತ್ತಲಿಲ್ಲ.
ಯಾರೂ ಎತ್ತಲಿಲ್ಲ.
ಆ ಗಾಳಿ ಸಪ್ಪಳ ನನಗ ಕೇಳಿಸ್ತು.

ಮೊದಲ ಮ್ಯಾಚಿಗೆ ನನಗೂ ಕರದಳು.
"ಬಾ ಕಸ್ತೂರಬಾಯಿ, ನನ್ನ ಬಾಜೂಕ ಕೂಡು."
ಮೆತ್ತನ ಕುರ್ಚಿ, ತಣ್ಣನ ಗಾಳಿ,
ತೊಗರಿ ಹೂವಿನ ಬಣ್ಣದ ಅಂಗಿ ಹುಡುಗರು.
ಒಬ್ಬನ್ನ ಮುಟ್ಟಿದ್ರು, ಹೊರಗ ಹೋದ.
ಇನ್ನೊಬ್ಬ ಹೋದ.
ಸ್ವಲ್ಪ ಹೊತ್ತಿಗೆ ಮೊದಲಿನವ
ಪ್ಯಾಂಟಿನ ದೂಳ ಕೊಡವಿ ಹೊಳ್ಳಿ ಒಳಗ ಬಂದ!
"ಏ ಜಗದೇವಿ, ಅವ ಔಟಾಗಿದ್ನಲ್ಲ?"
"ನಮ್ಮವರು ಅವರೊಬ್ಬನ್ನ ಹಿಡದ್ರ
ನಮ್ಮವ ಒಬ್ಬ ಒಳಗ ಬರ್ತಾನ.
ಯಾರು ಮೊದಲು ಹೋದ್ನೋ ಅವನೇ ಮೊದಲು."

ಮೊದಲು ಹೋದವನೇ ಮೊದಲು.
ಇಂಥಾ ಆಟ ಅದ ಅಂತ
ಅರವತ್ತು ವರ್ಷ ನನಗ್ಯಾರೂ ಹೇಳಲಿಲ್ಲ ನೋಡ್ರಿ.
"ಹಂಗಂದ್ರ ಅಂಬವ್ವ" ಅಂದೆ.
"ಯಾವ ಅಂಬವ್ವ?" ಅಂದಳು,
ಕಣ್ಣು ಅಂಗಳದ ಮ್ಯಾಲೇ.

ಅಷ್ಟರಾಗ ನಮ್ಮ ಹುಡುಗ ಗೆರಿ ದಾಟಿದ,
ಕಬಡ್ಡಿ ಕಬಡ್ಡಿ ಕಬಡ್ಡಿ, ಒಂದೇ ಉಸುರಿನಾಗ.
ಜನ ಎದ್ದು ನಿಂತ್ರು.
ಆ ಗದ್ದಲದಾಗ ನಾನೂ ಉಸುರು ಹಿಡದೆ,
ಅಂಬವ್ವ ಇಮಾಮಬಿ ಭೀಮಬಾಯಿ ಸುಗಲಾಬಾಯಿ
ಸಣ್ಣ ಚಂದಮ್ಮ ದೊಡ್ಡ ಚಂದಮ್ಮ
ಕುಂಟ ಕಾಶಮ್ಮ ಕಾಶಮ್ಮನ ಸೊಸಿ
ಇಪ್ಪತ್ತೆರಡರ ತನಾ ಬಂದೆ.
ಅಲ್ಲಿಗೆ ಉಸುರು ಹೋತು.